ಒಂದೇ ಕಿವಿ ಮಂದವಾದರೆ ಎಂಆರ್‌ಐ ಏಕೆ?

ಪ್ರಶ್ನೆ: ನನ್ನ ಅಕ್ಕನಿಗೆ ಕೆಲವು ತಿಂಗಳುಗಳಿಂದ ಬಲಗಿವಿ ಮಾತ್ರ ಮಂದವಾಗುತ್ತಿದ್ದು, ಅದರಲ್ಲಿ ಗುಂಯ್‌ಗುಡುವ ಸದ್ದೂ ನಡೆಯುವಾಗ ಓಲಾಡಿದಂಥ ಅನುಭವವೂ ಇದೆ. ಶ್ರವಣ ಪರೀಕ್ಷೆಯ ನಂತರ ವೈದ್ಯರು ನರದ ಗಡ್ಡೆ ಇದೆಯೇ ಎಂದು ನೋಡಲು ಎಂಆರ್‌ಐ ಸೂಚಿಸಿದ್ದಾರೆ. ಸಿ.ಟಿ. ಸ್ಕ್ಯಾನ್ ಸಾಲದೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1: ವೈದ್ಯರ ಸಲಹೆ ಸರಿಯಾಗಿದೆ. ವಯಸ್ಸಿನಿಂದ ಬರುವ ಕಿವುಡು ಸಾಮಾನ್ಯವಾಗಿ ಎರಡೂ ಕಿವಿಗಳಲ್ಲಿ ಕಾಣುತ್ತದೆ. ಆದರೆ ಒಂದೇ ಕಿವಿಯಲ್ಲಿ ನರಸಂಬಂಧಿ ಶ್ರವಣದೋಷವಿದ್ದು, ಅದರಲ್ಲೂ ಸದ್ದು ಕೇಳಿಸಿದರೂ ಪದಗಳು ಸ್ಪಷ್ಟವಾಗದಿದ್ದಾಗ, ಕಿವಿಯಿಂದ ಮಿದುಳಿಗೆ ಹೋಗುವ ಎಂಟನೆಯ ಕಪಾಲ ನರದ ಸಮತೋಲನ ಶಾಖೆಯ ಹೊದಿಕೆಯಲ್ಲಿ ಬೆಳೆಯುವ ವೆಸ್ಟಿಬ್ಯುಲರ್ ಶ್ವಾನೋಮಾ ಎಂಬ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಸಣ್ಣ ಗಡ್ಡೆ ಸಿ.ಟಿ.ಯಲ್ಲಿ ತಪ್ಪಿಹೋಗಬಹುದು, ಗಡ್ಡೆ ಎದ್ದು ಕಾಣುವಂತೆ ಮಾಡುವ ಗ್ಯಾಡೋಲಿನಿಯಂ ಚುಚ್ಚುಮದ್ದು ಕೊಟ್ಟು ಮಾಡುವ ಎಂಆರ್‌ಐ ಕೆಲವೇ ಮಿಲಿಮೀಟರ್ ಗಾತ್ರದ್ದನ್ನೂ ತೋರಿಸುತ್ತದೆ. ಮೂತ್ರಪಿಂಡದ ತೊಂದರೆಯಾಗಲಿ ಪೇಸ್‌ಮೇಕರ್ ಆಗಲಿ ಇದ್ದರೆ ಮೊದಲೇ ತಿಳಿಸಿ.

ಉತ್ತರ 2: ಕಿವಿಯಿಂದ ಮಿದುಳುಕಾಂಡದವರೆಗಿನ ಸಂಕೇತಗಳನ್ನು ಅಳೆಯುವ ಬೇರಾ ಪರೀಕ್ಷೆ ಸಹಜವಾಗಿ ಬಂದರೂ ಅಲ್ಲಿಗೇ ನಿಲ್ಲಿಸಬೇಡಿ; 1 ಸೆಂಟಿಮೀಟರ್‌ಗಿಂತ ಚಿಕ್ಕ ಗಡ್ಡೆಗಳು ಅದರ ಕಣ್ತಪ್ಪಿಸುವುದುಂಟು.

ಉತ್ತರ 3: ಗಡ್ಡೆಯೇ ಕಂಡರೂ ದಯವಿಟ್ಟು ಕ್ಯಾನ್ಸರ್ ಎಂದು ಭಯಪಡಬೇಡಿ. ಇವು ಬಹುಪಾಲು ನಿಧಾನವಾಗಿ ಬೆಳೆಯುವ ನಿರಪಾಯಕಾರಿ ಗಡ್ಡೆಗಳಾದ್ದರಿಂದ, ಸಣ್ಣದಾಗಿದ್ದರೆ ಕಾಲಕಾಲಕ್ಕೆ ಎಂಆರ್‌ಐ ಮಾಡಿಸುತ್ತ ಗಮನಿಸುವುದೂ ಒಪ್ಪಿತ ಕ್ರಮವೇ. ಎರಡೂ ಬದಿಯಲ್ಲಿ ಕಂಡರೆ 22ನೆಯ ವರ್ಣತಂತುವಿಗೆ ಸಂಬಂಧಿಸಿದ ಎನ್‌ಎಫ್‌2 ಎಂಬ ಆನುವಂಶಿಕ ಸ್ಥಿತಿಯ ತಪಾಸಣೆ ಅಗತ್ಯವಾಗುತ್ತದೆ.