ಮೂರು ಎಕರೆಗೆ ಎಷ್ಟು ಎಚ್‌ಪಿ? ಮನೆ ಗುಂಪಿನಲ್ಲಿ ನಡೆದ ಚರ್ಚೆ

ಭಾವ: ಫಾರ್ವರ್ಡ್ ಬಂದಿದೆ, ಎಲ್ಲರೂ ಓದಿ. “ಟ್ರ್ಯಾಕ್ಟರ್ ತಗೊಳ್ಳುವುದಾದರೆ ಒಂದೇ ಸಲ ದೊಡ್ಡದು ತಗೊಳ್ಳಿ. 45 ಎಚ್‌ಪಿಗಿಂತ ಕಡಿಮೆ ಇದ್ದರೆ ಅದು ಆಟದ ಸಾಮಾನು. ಚಿಕ್ಕದು ತಂದವರೆಲ್ಲ ಆಮೇಲೆ ಮಾರಿ ದೊಡ್ಡದು ತರುತ್ತಾರೆ.” ನಮ್ಮ ಹೊಸ ರೈತನಿಗೇ ಹೇಳುತ್ತಿದ್ದೇನೆ. ಮೂರು ಎಕರೆ ಇರಲಿ, ಮೂವತ್ತು ಎಕರೆ ಇರಲಿ, ಎಂಜಿನ್ ದಣಿಯಬಾರದು.

ತಮ್ಮ: ಭಾವ, ನಾನು 24 ಎಚ್‌ಪಿದು ಹೆಚ್ಚು ಕಡಿಮೆ ಗಟ್ಟಿ ಮಾಡಿದ್ದೆ. ಇದನ್ನು ಓದಿ ಮತ್ತೆ ಗೊಂದಲ ಶುರುವಾಯಿತು.

ಚಿಕ್ಕಪ್ಪ: ಅಳಿಯಂದಿರು ಹಾಕಿದ್ದು ಸರಿಯಾಗಿದೆ. ಹಗುರ ಗಾಡಿಗೆ ಹಿಡಿತ ಇರುವುದಿಲ್ಲ. ಲೋಡ್ ಬಿದ್ದರೆ ಚಕ್ರ ಸುಮ್ನೆ ನಿಂತಲ್ಲೇ ತಿರುಗುತ್ತದೆ.

ನಾನು: ಚಿಕ್ಕಪ್ಪ, ತೂಕದ ಮಾತು ನಿಜ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಫಾರ್ವರ್ಡ್ ನೋಡಿ. ಜಮೀನಿನಲ್ಲಿ ಏನು ಕೆಲಸ ಇದೆ ಅಂತ ಇದರಲ್ಲಿ ಒಂದು ಮಾತೂ ಇಲ್ಲ. ಗಿಡದ ಸಾಲು ಇದೆಯಾ, ಇಳಿಜಾರು ಇದೆಯಾ, ಟ್ರೇಲರ್ ಎಳೆಯಬೇಕಾ, ಕಳೆ ಕತ್ತರಿಸಿದರೆ ಸಾಕಾ, ಇದೊಂದೂ ಕೇಳದೆ ಎಚ್‌ಪಿ ಹೇಳಿದರೆ ಹೇಗೆ ಭಾವ? ಕೆಲಸ ಮಾಡುವುದು ಹಿಂದೆ ಕಟ್ಟುವ ಸಾಮಾನು. ಟ್ರ್ಯಾಕ್ಟರ್ ಅದನ್ನು ಎಳೆಯುತ್ತದೆ, ತಿರುಗಿಸುತ್ತದೆ, ಎತ್ತುತ್ತದೆ. ಯಾವ ಸಾಮಾನು ಬೇಕು ಅಂತ ಮೊದಲು ಗೊತ್ತಾಗಲಿ, ಎಚ್‌ಪಿ ತಾನಾಗಿ ಗೊತ್ತಾಗುತ್ತದೆ.

ಭಾವ: ಸಾಮಾನು ಅಂದರೆ ಮಣ್ಣು ಪುಡಿ ಮಾಡುವ ರೋಟವೇಟರ್, ನೆಲ ಕೆದಕುವ ಕಲ್ಟಿವೇಟರ್, ಒಂದು ಟ್ರೇಲರ್. ಎಲ್ಲರಿಗೂ ಅದೇ ತಾನೆ?

ನಾನು: ಹೆಸರು ಅದೇ, ಅಳತೆ ಬೇರೆ. 24 ಎಚ್‌ಪಿಗೆ ಸಾಮಾನ್ಯವಾಗಿ 4 ಅಡಿ ರೋಟವೇಟರ್ ಕಟ್ಟುತ್ತಾರೆ, 35ಕ್ಕೆ 5 ಅಡಿ, 45ಕ್ಕೆ 6 ಅಡಿ. ಮಣ್ಣು ಗಟ್ಟಿ ಇದ್ದರೆ ಇದು ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಇನ್ನೊಂದು, ಬಾನೆಟ್ ಮೇಲೆ ಬರೆದಿರುವುದು ಎಂಜಿನ್ ಎಚ್‌ಪಿ. ರೋಟವೇಟರ್‌ಗೆ ಸಿಗುವುದು ಪಿಟಿಒ ಎಚ್‌ಪಿ, ಅಂದರೆ ಸಾಮಾನನ್ನು ತಿರುಗಿಸಲು ಗಾಡಿಯ ಹಿಂದೆ ಇರುವ ಶಾಫ್ಟಿನಲ್ಲಿ ಸಿಗುವ ಶಕ್ತಿ, ಅದು ಯಾವಾಗಲೂ ಕಡಿಮೆಯೇ. ತಮ್ಮ, ಕಾಗದದಲ್ಲಿ ಆ ಸಾಲು ಹುಡುಕು. ಒಂದೇ ಎಂಜಿನ್ ಎಚ್‌ಪಿ ಇರುವ ಎರಡು ಗಾಡಿಗಳ ಪಿಟಿಒ ಬೇರೆ ಬೇರೆ ಇರಬಹುದು.

ತಮ್ಮ: ಹುಡುಕಿದೆ ಅಕ್ಕ. ಎಂಜಿನ್ 24, ಪಿಟಿಒ 20ರ ಹತ್ತಿರ ಇದೆ.

ಭಾವ: ನೋಡು, ಅಲ್ಲೇ ನಾಲ್ಕು ಹೋಯಿತು! 4 ಅಡಿ ರೋಟವೇಟರ್ ಇಟ್ಟುಕೊಂಡು ಮೂರು ಎಕರೆ ಹೊಡೆಯುವಷ್ಟರಲ್ಲಿ ಹದ ಆರಿಹೋಗುತ್ತದೆ.

ನಾನು: ಲೆಕ್ಕ ಹಾಕೋಣ ಭಾವ. ಒಂದು ಎಕರೆ ಅಂದರೆ 43,560 ಚದರಡಿ. ಗಂಟೆಗೆ 2 ಕಿಲೋಮೀಟರ್ ವೇಗ ಇಟ್ಟುಕೊಳ್ಳಿ, ತಿರುವು, ಹೊಡೆದ ಅಂಚಿನ ಮೇಲೇ ಮತ್ತೆ ಹೊಡೆಯುವುದು, ನಿಲ್ಲಿಸುವುದು ಎಲ್ಲಕ್ಕೂ ಐದರಲ್ಲಿ ಒಂದು ಪಾಲು ಸಮಯ ಬಿಡಿ. 4 ಅಡಿಯಲ್ಲಿ ಎಕರೆಗೆ ಸುಮಾರು 2 ಗಂಟೆ ಹಿಡಿಯುತ್ತದೆ. 6 ಅಡಿಯಲ್ಲಿ ಒಂದೂಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ. ಮೂರು ಎಕರೆಗೆ ಒಂದು ಕಡೆ 6 ಗಂಟೆ, ಇನ್ನೊಂದು ಕಡೆ 4 ಗಂಟೆ. ಉಳಿಯುವುದು ಎರಡು ಗಂಟೆ. ವರ್ಷಕ್ಕೆ ಕೆಲವೇ ಸಲ ಮಾಡುವ ಕೆಲಸದಲ್ಲಿ ಎರಡು ಗಂಟೆ ಉಳಿಸಲಿಕ್ಕೆ ಎರಡು ಪಟ್ಟು ತೂಕದ ಗಾಡಿ ಸಾಕಬೇಕಾ? ಇವನು ರಜಾ ದಿನ ಹೋಗಿ ಖುಷಿಗೆ ಕೃಷಿ ಮಾಡುವವನು. ಬಾಡಿಗೆಗೆ ಹೊಡೆಯುವವನಲ್ಲ.

ಭಾವ: ಹಾಗಾದರೆ ದೊಡ್ಡ ಗಾಡಿ ತಂದು 4 ಅಡಿ ರೋಟವೇಟರ್ ಕಟ್ಟಲಿ. ಎರಡೂ ಆಯಿತು.

ಚಿಕ್ಕಪ್ಪ: ಅದು ಮಾತ್ರ ಆಗುವುದಿಲ್ಲ. ಹಿಂದಿನ ಎರಡು ಚಕ್ರಗಳ ಹೊರ ಅಂಚಿನ ಅಗಲಕ್ಕಿಂತ ರೋಟವೇಟರ್ ಕಿರಿದಾದರೆ ಚಕ್ರ ತುಳಿದ ಪಟ್ಟಿ ಹಾಗೇ ಉಳಿಯುತ್ತದೆ. ಉತ್ತ ಮಣ್ಣಿನ ಎರಡು ಕಡೆಯೂ ಗಟ್ಟಿ ಗೆರೆ.

ನಾನು: ಹೌದು ಚಿಕ್ಕಪ್ಪ. ಅಷ್ಟೇ ಅಲ್ಲ, ಚಿಕ್ಕ ರೋಟವೇಟರ್‌ನ ಗೇರ್‌ಬಾಕ್ಸ್ ಮಾಡಿರುವುದು ಕಡಿಮೆ ಎಚ್‌ಪಿಗೆ. ಕಲ್ಲಿಗೆ ಸಿಕ್ಕಿದಾಗ ದೊಡ್ಡ ಎಂಜಿನ್ ನಿಲ್ಲುವುದಿಲ್ಲ, ಒಳಗಿನ ಹಲ್ಲು ಮುರಿಯುತ್ತದೆ. ಸಾಮಾನನ್ನು ಗಾಡಿಗೆ ಕಟ್ಟುವ ಲಿಂಕೇಜ್ ಪಿನ್ನೂ ಬೇರೆ, ಅದರ ಅಳತೆಗೆ ಕೆಟಗರಿ ಅಂತಾರೆ. ಕೆಟಗರಿ 1ರಲ್ಲಿ ಕೆಳಗಿನ ಪಿನ್ 22 ಎಂಎಂ, ಕೆಟಗರಿ 2ರಲ್ಲಿ 28 ಎಂಎಂ.

ಈಗ ತೂಕ. 45 ಎಚ್‌ಪಿ ಗಾಡಿ ಹತ್ತಿರ ಹತ್ತಿರ ಎರಡು ಟನ್ ಇರುತ್ತದೆ, ಮೇಲೆ ರೋಟವೇಟರ್. ಮಣ್ಣು ಒದ್ದೆ ಇರುವಾಗ ಅದು ಒಮ್ಮೆ ಓಡಾಡಿದ ಜಾಗವನ್ನು ಗುದ್ದಲಿಯಿಂದ ಅಗೆದು ನೋಡಿ. ಮೇಲಿನ ಮಣ್ಣು ಪುಡಿ ಪುಡಿ, ಅದರ ಕೆಳಗೆ ಗಾರೆ ನೆಲ ಇದ್ದಹಾಗೆ ಒಂದು ಪದರ. ಬೇರು ಅಲ್ಲಿ ತಲುಪಿದ ಮೇಲೆ ಕೆಳಗೆ ಇಳಿಯುವುದಿಲ್ಲ, ಅಡ್ಡಕ್ಕೆ ಹೊರಳುತ್ತದೆ. ಮಳೆ ನೀರು ಅದರ ಮೇಲೇ ನಿಲ್ಲುತ್ತದೆ. ಮೇಲುಮಣ್ಣು ಎಷ್ಟು ಒತ್ತಿಕೊಳ್ಳುತ್ತದೆ ಅನ್ನುವುದು ಟೈರಿನ ಗಾಳಿಯ ಮೇಲೆ ಹೋಗುತ್ತದೆ, ಆದರೆ ಆಳದ ಮಣ್ಣು ಗಟ್ಟಿಯಾಗುವುದು ಮುಖ್ಯವಾಗಿ ಆಕ್ಸಲ್ ಮೇಲೆ ಬೀಳುವ ಭಾರದಿಂದ. ಅಗಲದ ಟೈರ್ ಹಾಕಿ ಅದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಮೂರು ಎಕರೆಯಲ್ಲಿ ತಿರುಗುವ ಜಾಗವೂ ಕಡಿಮೆ, ಬದುವಿನ ಪಕ್ಕದ ಅದೇ ಪಟ್ಟಿಯನ್ನು ಚಕ್ರ ಮತ್ತೆ ಮತ್ತೆ ತುಳಿಯುತ್ತದೆ. ಈ ಮಣ್ಣನ್ನು ಸರಿಮಾಡುವುದಕ್ಕೆ ಇವನು ಇಷ್ಟು ಕಷ್ಟಪಡುತ್ತಿದ್ದಾನೆ, ಅದನ್ನು ನಾವೇ ತುಳಿದು ಕೆಡಿಸಬಾರದು ಅಲ್ವಾ?

ಚಿಕ್ಕಪ್ಪ: ಒಪ್ಪುತ್ತೇನೆ ಮಗಳೇ. ಆದರೆ ಟ್ರೇಲರ್? ಇಳಿಜಾರಿನಲ್ಲಿ ಗೊಬ್ಬರ ತುಂಬಿದ ಟ್ರೇಲರ್ ಹಗುರ ಗಾಡಿಯನ್ನು ಹಿಂದಿನಿಂದ ತಳ್ಳಿಕೊಂಡು ಹೋಗುತ್ತದೆ. ಬ್ರೇಕ್ ಹಿಡಿದರೂ ನಿಲ್ಲುವುದಿಲ್ಲ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ.

ನಾನು: ಇದು ಗಟ್ಟಿ ಮಾತು, ಇದಕ್ಕೆ ನನ್ನ ಹತ್ತಿರ ಎದುರು ವಾದ ಇಲ್ಲ. ಚಿಕ್ಕ ಗಾಡಿ ತಗೊಂಡರೆ ಟ್ರೇಲರ್ ಕೂಡ ಚಿಕ್ಕದೇ ಇರಬೇಕು, ಅರ್ಧ ತುಂಬಿ ಎರಡು ಸಲ ಓಡಿಸಬೇಕು, ಸಾಧ್ಯ ಇದ್ದರೆ ಟ್ರೇಲರಿಗೇ ಬ್ರೇಕ್ ಇರಬೇಕು. ಫೋರ್ ವೀಲ್ ಡ್ರೈವ್ ಬಿಡಲೇಬಾರದು ಅನ್ನುವುದು ಇದೇ ಕಾರಣಕ್ಕೆ. ಎಷ್ಟೋ ಟ್ರ್ಯಾಕ್ಟರಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಫೋರ್ ವೀಲ್ ಹಾಕಿಕೊಂಡು ಇಳಿದರೆ ಮುಂದಿನ ಚಕ್ರವೂ ಹಿಡಿಯುತ್ತದೆ. ಇನ್ನು ಇವನು ದಿನಾ ಭಾರ ಸಾಗಿಸುತ್ತೇನೆ, ಮುಂದೆ ಮಣ್ಣು ಎತ್ತುವ ಬಕೆಟ್ ಇರುವ ದೊಡ್ಡ ಲೋಡರ್ ಹಾಕುತ್ತೇನೆ ಅಂದರೆ ನಾನೇ 35ಕ್ಕೆ ಹೋಗು ಅನ್ನುತ್ತೇನೆ.

ತಮ್ಮ: ಲೋಡರ್ ಆಸೆ ಇತ್ತು ಅಕ್ಕ.

ನಾನು: ಆಸೆಗೆ ಬೇಡ, ಕೆಲಸ ಇದ್ದರೆ ಹಾಕಿಸು. ಒದ್ದೆ ಮಣ್ಣು ಘನ ಮೀಟರಿಗೆ ಒಂದೂವರೆ ಟನ್ ಮೀರುತ್ತದೆ. ಕಾಲು ಘನ ಮೀಟರ್ ಬಕೆಟ್ ತುಂಬಿದರೆ ಮುಂದೆ 400 ಕಿಲೋ, ಮೇಲೆ ಬಕೆಟ್‌ನ ತೂಕ. ಹಿಂದೆ ಸಮತೋಲದ ಭಾರ ಕಟ್ಟದಿದ್ದರೆ ಹಿಂದಿನ ಚಕ್ರ ಎದ್ದುಬಿಡುತ್ತದೆ. ಉಲ್ಟಾ ಕೂಡ ಇದೆ. ಹಿಂದೆ ಭಾರದ ಸಾಮಾನು ಎತ್ತಿದಾಗ ಮುಂದೆ ಹಗುರಾಗಿ ಸ್ಟೀರಿಂಗ್ ಕೇಳುವುದಿಲ್ಲ. ಗಾಡಿಯ ತೂಕದ ಐದನೇ ಒಂದು ಪಾಲಾದರೂ ಮುಂದಿನ ಚಕ್ರದ ಮೇಲೆ ಇರಬೇಕು.

ಅತ್ತೆ: ಎಚ್‌ಪಿ ಗಿಚ್‌ಪಿ ನನಗೆ ಬೇಡ. ಮಗುಚಿದರೆ ಇವನ ಗತಿ ಏನು ಅದನ್ನು ಹೇಳಿ ಮೊದಲು. ಒಬ್ಬನೇ ಇರುತ್ತಾನೆ ಅಲ್ಲಿ.

ನಾನು: ಅತ್ತೆ, ಇದನ್ನು ಎಲ್ಲಕ್ಕಿಂತ ಮೊದಲೇ ಕೇಳಬೇಕಿತ್ತು. ಸೀಟಿನ ಹಿಂದೆ ಗಟ್ಟಿ ಕಮಾನು ಬರುತ್ತದೆ, ರೋಪ್ಸ್ ಅಂತಾರೆ. ಅದು ಎತ್ತಿರುವಾಗ ಬೆಲ್ಟ್ ಹಾಕಲೇಬೇಕು, ಇಲ್ಲದಿದ್ದರೆ ಮಗುಚುವಾಗ ಆಚೆ ಬಿದ್ದು ಅದರ ಅಡಿಗೇ ಸಿಗುತ್ತಾನೆ. ಮಡಚಿಟ್ಟಾಗ ಮಾತ್ರ ಬೆಲ್ಟ್ ಬೇಡ. ಕೊಂಬೆ ತಾಗುತ್ತದೆ ಅಂತ ಸದಾ ಮಡಚಿ ಓಡಿಸುವ ಚಟ ಬೇಡ ತಮ್ಮ. ಪಿಟಿಒ ಶಾಫ್ಟಿನ ಕವಚ ಬಿಚ್ಚಿಡಬೇಡ. ನಿಮಿಷಕ್ಕೆ 540 ಸುತ್ತು ಅಂದರೆ ಸೆಕೆಂಡಿಗೆ 9 ಸುತ್ತು. ಬಟ್ಟೆ ಸಿಕ್ಕಿದರೆ ಕೈ ಎಳೆದುಕೊಳ್ಳುವಷ್ಟೂ ಸಮಯ ಇಲ್ಲ.

ಅತ್ತೆ: ಕೇಳಿಸಿತೇನೋ?

ತಮ್ಮ: ಕೇಳಿಸಿತು ಅತ್ತೆ. ಬೆಲ್ಟ್ ಹಾಕುತ್ತೇನೆ.

ಭಾವ: ಸರಿ, ಆದರೂ ಮೊದಲ ಸಲದ ಆಳ ಉಳುಮೆ? ಬೀಳು ಬಿದ್ದ ನೆಲ ಅದು. 24 ಎಚ್‌ಪಿ ಅಲ್ಲಿ ಏದುಸಿರು ಬಿಡುತ್ತದೆ.

ನಾನು: ಅದನ್ನು ಬಾಡಿಗೆಗೆ ಹೊಡೆಸಲಿ ಭಾವ. ನೆಲ ಒಣಗಿ ಹದವಾಗಿ ಇರುವಾಗ ದೊಡ್ಡ ಗಾಡಿ ಬಂದು ಒಮ್ಮೆ ಹೊಡೆದು ಹೋಗಲಿ. ವರ್ಷವಿಡೀ ಇರುವ ಕೆಲಸಕ್ಕೆ ಸರಿಯಾದ ಗಾಡಿ ಮನೆಯಲ್ಲಿರಲಿ. ಒಂದೇ ಎಕರೆ ಆಗಿದ್ದರೆ ಪವರ್ ಟಿಲ್ಲರ್ ಸಾಕು ಅನ್ನುತ್ತಿದ್ದೆ. ಮೂರು ಎಕರೆ ಅದರ ಹಿಂದೆ ನಡೆಯುವುದು ಇವನಿಗೆ ಕಷ್ಟ.

ತಮ್ಮ, ಇನ್ನು ಮಾತು ಬೇಡ, ಟೇಪ್ ಹಿಡಿದು ಹೋಗು. ಗಿಡದ ಸಾಲಿನ ಮಧ್ಯೆ ಎಷ್ಟು ಜಾಗ, ಗೇಟಿನ ಅಗಲ, ಶೆಡ್ ಬಾಗಿಲಿನ ಎತ್ತರ.

ತಮ್ಮ: ಅಳೆದೆ. ಸಾಲಿನ ಮಧ್ಯೆ 10 ಅಡಿ, ಆದರೆ ಕೊಂಬೆ ಎರಡೂ ಕಡೆಯಿಂದ ಒಂದೂವರೆ ಅಡಿ ಚಾಚಿದೆ. ಗೇಟು 8 ಅಡಿ. ಶೆಡ್ ಬಾಗಿಲು 7 ಅಡಿ ಎತ್ತರ.

ನಾನು: ಹಾಗಾದರೆ ಉಳಿದದ್ದು 7 ಅಡಿ, ಗಿಡ ಬೆಳೆದಂತೆ ಅದೂ ಕಡಿಮೆಯಾಗುತ್ತದೆ. 6 ಅಡಿ ಅಗಲದ ಗಾಡಿ ಅಲ್ಲಿ ಹೋದರೆ ಆಚೆ ಈಚೆ ಅರ್ಧ ಅರ್ಧ ಅಡಿ. ಸ್ವಲ್ಪ ಸ್ಟೀರಿಂಗ್ ಎಳೆದರೂ ತೊಗಟೆ ಸುಲಿಯುತ್ತದೆ. 4 ಅಡಿಯದು ಆರಾಮಾಗಿ ಹೋಗುತ್ತದೆ.

ಭಾವ: ಈ ಅಳತೆಗೆ 45 ಹಿಡಿಸುವುದಿಲ್ಲ, ಅದು ಸರಿ. ಆದರೆ 24 ಬೇಡ, 28 ನೋಡಲಿ. ಅಗಲ ಅಷ್ಟೇ ಇದ್ದು ಪಿಟಿಒ ಸ್ವಲ್ಪ ಜಾಸ್ತಿ ಸಿಕ್ಕರೆ ಗಟ್ಟಿ ಮಣ್ಣಿನಲ್ಲಿ ಉಸಿರು ಉಳಿಯುತ್ತದೆ.

ನಾನು: ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ ಭಾವ.

ಚಿಕ್ಕಪ್ಪ: ಎರಡನ್ನೂ ಓಡಿಸಿ ನೋಡೋಣ. ನಾನೂ ಬರುತ್ತೇನೆ. ರೋಟವೇಟರ್ ಎತ್ತಿ, ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಡಬೇಕು. ತಾನಾಗಿ ತುಂಬಾ ಕೆಳಗೆ ಜಾರಿದರೆ ಎತ್ತುವ ಹೈಡ್ರಾಲಿಕ್ ಸರಿ ಇಲ್ಲದಿರಬಹುದು. ಹೊಸ ಗಾಡಿ ಅಂದರೂ ನೋಡದೆ ಬಿಡಬಾರದು.

ತಮ್ಮ: ಭಾನುವಾರ ಬೆಳಿಗ್ಗೆ ಆಗುತ್ತದಾ ಚಿಕ್ಕಪ್ಪ? ಭಾವ, ನೀವೂ ಬನ್ನಿ.

ಭಾವ: ಬರುತ್ತೇನೆ. 28 ಮೊದಲು ಓಡಿಸಬೇಕು, ಹೇಳಿದ್ದೇನೆ.