ದಿನಕ್ಕೆ 34 ಕೋಟಿ ಸಾಲು ಜಿಪಿಎಸ್ ಡೇಟಾ: ಕಸಾಂಡ್ರಾನಾ, ಮಾಂಗೋಡಿಬಿನಾ, ಎಚ್‌ಬೇಸಾ?

ಲಾರಿಲೆಕ್ಕ:
ನಮ್ಮದು ಹುಬ್ಬಳ್ಳಿಯ ಕಂಪನಿ, ಲಾರಿ-ಟ್ಯಾಂಕರ್ ಟ್ರ್ಯಾಕಿಂಗ್ ಕೆಲಸ. 40,000 ಗಾಡಿ, ಪ್ರತಿಯೊಂದರಿಂದ 10 ಸೆಕೆಂಡಿಗೊಂದು ಪ್ಯಾಕೆಟ್. ಸೆಕೆಂಡಿಗೆ 4,000 ರೈಟ್ (ಡೇಟಾ ಬರೆಯುವುದು) ಆಯಿತು. ಒಂದು ಸಾಲು ಸುಮಾರು 200 ಬೈಟ್. 90 ದಿನ ಇಟ್ಟು ಆಮೇಲೆ ಅಳಿಸಬೇಕು. ಈಗ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿದೆ. ರಾತ್ರಿ ಹಳೇ ಸಾಲುಗಳ ಡಿಲೀಟ್ ಶುರುವಾದರೆ ಬೆಳಿಗ್ಗೆ ತನಕ ಮ್ಯಾಪ್ ತೆವಳುತ್ತದೆ. ಗ್ರಾಹಕರು ಜಾಸ್ತಿ ಕೇಳುವುದು "ಈ ಗಾಡಿ ಈ ದಿನ ಎಲ್ಲೆಲ್ಲಿ ಓಡಿತು" ಅಂತ. ಆಗಾಗ "ಈ ಟೋಲ್ ಹತ್ತಿರ ಈಗ ಯಾವ ಗಾಡಿ ಇದೆ" ಅಂತಲೂ ಕೇಳುತ್ತಾರೆ. ಬೇರೆ ಡೇಟಾಬೇಸ್ ನೋಡುತ್ತಿದ್ದೇವೆ: ಬಾಸ್‌ಗೆ ಮಾಂಗೋಡಿಬಿ ಇಷ್ಟ, ಸಹೋದ್ಯೋಗಿಗೆ ಎಚ್‌ಬೇಸ್. ನಾವಿರುವುದು ಮೂರೇ ಜನ. ಏನು ಮಾಡುವುದು?

ಹಳೇಡಿಬಿಎ:
ಸೆಕೆಂಡಿಗೆ 4,000 ಅಂದರೆ ಹೆದರುವಂಥದ್ದೇನಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಕಿ, ದಿನಕ್ಕೊಂದು ಪಾರ್ಟಿಷನ್ (ಟೇಬಲ್‌ನ ತುಂಡು) ಮಾಡಿ, 91ನೇ ದಿನ ಡಿಲೀಟ್ ಬದಲು ಇಡೀ ಪಾರ್ಟಿಷನ್ ಡ್ರಾಪ್ ಮಾಡಿ. ಸುಮ್ನೆ ಹೊಸದರ ಹಿಂದೆ ಓಡಬೇಡಿ.

ರಿಂಗ್‌ಮಾಸ್ತರ:
ಮೇಲಿನ ಮಾತು ತಳ್ಳಿಹಾಕುವಂಥದ್ದಲ್ಲ. ಗಾಡಿ ಸಂಖ್ಯೆ ಇಷ್ಟೇ ಇರುತ್ತದೆ ಅಂತಿದ್ದರೆ ಅದೇ ಸಾಕು. ಎರಡು-ಮೂರು ಪಟ್ಟು ಆಗುತ್ತದೆ, ಒಂದು ಮೆಷಿನ್ ಬಿದ್ದರೂ ರೈಟ್ ನಿಲ್ಲಬಾರದು ಅನ್ನುವುದಾದರೆ ಮುಂದೆ ಓದಿ.

"ಈ ಗಾಡಿ ಈ ದಿನ ಎಲ್ಲೆಲ್ಲಿ" ಅನ್ನುವ ನಿಮ್ಮ ಮುಖ್ಯ ಪ್ರಶ್ನೆಗೆ, ಹಲವು ಮೆಷಿನ್‌ಗಳಲ್ಲಿ ಹರಡಿ ಓಡುವ ಕಸಾಂಡ್ರಾ ಡೇಟಾಬೇಸ್ ಹೇಳಿ ಮಾಡಿಸಿದ ಹಾಗಿದೆ. ಗಾಡಿ ನಂಬರ್ ಮತ್ತು ತಿಂಗಳು ಸೇರಿ ಪಾರ್ಟಿಷನ್ ಕೀ (ಇದು ಒಂದೇ ಇರುವ ಸಾಲುಗಳು ಒಂದೇ ಪಾರ್ಟಿಷನ್ ಆಗಿ ಒಟ್ಟಿಗೆ ಕೂರುತ್ತವೆ), ಸಮಯ ಕ್ಲಸ್ಟರಿಂಗ್ ಕಾಲಮ್ (ಪಾರ್ಟಿಷನ್ ಒಳಗಿನ ಸಾಲುಗಳ ಕ್ರಮ). ಒಂದು ಗಾಡಿಗೆ ದಿನಕ್ಕೆ 8,640 ಸಾಲು, ತಿಂಗಳಿಗೆ 2.6 ಲಕ್ಷ, ಅಂದರೆ 50 ಎಂಬಿ ಆಸುಪಾಸು. ಪಾರ್ಟಿಷನ್ 100 ಎಂಬಿ ಒಳಗಿರಲಿ ಅನ್ನುವುದು ರೂಢಿ, ಆರಾಮಾಗಿ ಹಿಡಿಯುತ್ತದೆ. ಬರೀ ದಿನಾಂಕವನ್ನೇ ಕೀ ಮಾಡಿದಿರೋ, ರೆಪ್ಲಿಕೇಷನ್ 3 (ಪ್ರತಿ ಸಾಲಿಗೆ ಮೂರು ನಕಲು) ಇದ್ದರೆ ಇಡೀ ದಿನದ ರೈಟ್ ಮೂರೇ ನೋಡ್‌ಗಳ (ಮೆಷಿನ್‌ಗಳ) ತಲೆ ಮೇಲೆ. ಮಿಕ್ಕವು ಆಕಳಿಸುತ್ತಾ ಕೂರುತ್ತವೆ.

ಡಿಲೀಟ್ ಅಂತೂ ಮಾಡಲೇಬೇಡಿ. ಪ್ರತಿ ಡಿಲೀಟ್ ಒಂದು ಟೂಂಬ್‌ಸ್ಟೋನ್ (ಅಳಿಸಿದ ಗುರುತು) ಬಿಟ್ಟುಹೋಗುತ್ತದೆ, ಓದುವಾಗ ಅವನ್ನೆಲ್ಲ ದಾಟಿ ಹೋಗಬೇಕು. ಟೇಬಲ್‌ಗೆ 90 ದಿನದ ಟಿಟಿಎಲ್ (ಸಾಲಿನ ಆಯಸ್ಸು) ಕೊಟ್ಟು, ಟೈಮ್ ವಿಂಡೋ ಕಂಪ್ಯಾಕ್ಷನ್ (ಒಂದೇ ಅವಧಿಯಲ್ಲಿ ಬರೆದದ್ದನ್ನು ಒಂದೇ ಫೈಲ್‌ಗೆ ಸೇರಿಸುವುದು) ಹಾಕಿ. ಅವಧಿ ಮುಗಿದ ಫೈಲ್ ಇಡಿಯಾಗಿ ಉದುರುತ್ತದೆ.

ಬಾಸ್‌ಗೆ ಚಾಟ್ ಆ್ಯಪ್ ಡಿಸ್ಕಾರ್ಡ್‌ನ ಕಥೆ ಹೇಳಿ. 2015ರಲ್ಲಿ ಅವರು ಮಾಂಗೋದ ಒಂದೇ ರೆಪ್ಲಿಕಾ ಸೆಟ್‌ನಿಂದ (ಒಂದೇ ಡೇಟಾದ ನಕಲುಗಳಿರುವ ಮೆಷಿನ್ ಗುಂಪು) ಶುರು ಮಾಡಿದರು. 10 ಕೋಟಿ ಮೆಸೇಜ್ ಆಗುವಷ್ಟರಲ್ಲಿ ಡೇಟಾ, ಇಂಡೆಕ್ಸ್ ಎರಡೂ ರ‍್ಯಾಮ್‌ನಲ್ಲಿ ಹಿಡಿಯದೆ ಕಸಾಂಡ್ರಾಗೆ ಹೋದರು. ನಿಮಗೆ 10 ಕೋಟಿ ಸಾಲು ಬರುವುದು ಏಳು ಗಂಟೆಯಲ್ಲಿ! ಶಾರ್ಡ್ ಮಾಡಿದರೆ (ಡೇಟಾ ಹಲವು ಮೆಷಿನ್‌ಗಳಿಗೆ ಹಂಚಿದರೆ) ಮಾಂಗೋ ಕೂಡ ತಡೆದುಕೊಳ್ಳುತ್ತದೆ ನಿಜ, ಆದರೆ ಶಾರ್ಡ್ ಕೀ ಆರಿಸುವ ತಲೆನೋವು ಅಲ್ಲೂ ಇದ್ದದ್ದೇ. ಇನ್ನೊಂದು ಮಾತು: ಡಿಸ್ಕಾರ್ಡ್ ಕಸಾಂಡ್ರಾದಲ್ಲೂ ನಿಲ್ಲಲಿಲ್ಲ. 2022ರಲ್ಲಿ ಕಸಾಂಡ್ರಾ ತರಹದ್ದೇ ಆದ ಸಿಲ್ಲಾಡಿಬಿಗೆ ಬಂದು 177 ನೋಡ್‌ಗಳನ್ನು 72ಕ್ಕೆ ಇಳಿಸಿದರು.

ಎಚ್‌ಬೇಸ್? ಮೂರು ಜನಕ್ಕೆ ಬೇಡ. ಎಚ್‌ಡಿಎಫ್‌ಎಸ್ (ಫೈಲ್ ಇಡುವುದು), ಝೂಕೀಪರ್ (ಮೆಷಿನ್‌ಗಳ ಹೊಂದಾಣಿಕೆ), ರೀಜನ್ ಸರ್ವರ್ (ಡೇಟಾ ಓದು-ಬರಹ), ಎಲ್ಲವನ್ನೂ ನೀವೇ ಸಾಕಬೇಕು. ಎಚ್‌ಬೇಸ್ ಕೂರುವ ಹಡೂಪ್ ವ್ಯವಸ್ಥೆ ಮೊದಲೇ ಓಡುತ್ತಿದ್ದರೆ ಮಾತು ಬೇರೆ.

ಟೋಲ್ ಪ್ರಶ್ನೆಯನ್ನು ಇದರೊಳಗೆ ತುರುಕಬೇಡಿ. "ಈಗ ಎಲ್ಲಿದೆ" ಅನ್ನುವುದಕ್ಕೆ ಗಾಡಿಗೊಂದು ಸಾಲು, ಒಟ್ಟು 40,000. ಅದನ್ನು ಪೋಸ್ಟ್‌ಜಿಐಎಸ್‌ನಲ್ಲೋ (ಪೋಸ್ಟ್‌ಗ್ರೆಸ್‌ಗೆ ಸೇರಿಸುವ ನಕ್ಷೆ ಸೌಲಭ್ಯ) ರೆಡಿಸ್‌ನಲ್ಲೋ (ಮೆಮೊರಿಯಲ್ಲೇ ಓಡುವ ಡೇಟಾಬೇಸ್) ಇಡಿ.

ಲಾರಿಲೆಕ್ಕ:
ಶಿರಾಡಿ ಘಾಟಿಯಲ್ಲಿ ನೆಟ್‌ವರ್ಕ್ ಹೋಗುತ್ತದೆ ಅಲ್ವಾ, ಡಿವೈಸ್ ಒಂದೆರಡು ಗಂಟೆಯ ಪ್ಯಾಕೆಟ್ ಒಟ್ಟುಮಾಡಿ ಆಮೇಲೆ ಕಳಿಸುತ್ತದೆ. ಕೆಲವು ಎರಡೆರಡು ಸಲ ಬರುತ್ತವೆ. ತೊಂದರೆಯಾ?

ರಿಂಗ್‌ಮಾಸ್ತರ:
ಎರಡು ಸಲ ಬಂದರೆ ಬರಲಿ. ಅದೇ ಗಾಡಿ, ಅದೇ ಸಮಯ ಅಂದರೆ ಅದೇ ಕೀ, ಹಳೆಯದರ ಮೇಲೇ ಬರೆಯುತ್ತದೆ. ತಡವಾಗಿ ಬಂದದ್ದೂ ಓದುವಾಗ ಸರಿಯಾದ ಜಾಗದಲ್ಲೇ ಕಾಣುತ್ತದೆ. ಒಂದೇ ಎಚ್ಚರ: ಡಿವೈಸ್ ಹೇಳುವ ಸಮಯ ಕ್ಲಸ್ಟರಿಂಗ್ ಕಾಲಮ್‌ನಲ್ಲಿ ಮಾತ್ರ ಇರಲಿ. ರೈಟ್ ಟೈಮ್‌ಸ್ಟ್ಯಾಂಪ್ (ಸಾಲು ಬರೆದ ಸಮಯ ಅಂತ ಕಸಾಂಡ್ರಾ ಇಟ್ಟುಕೊಳ್ಳುವುದು) ಆಗಿ ಅದನ್ನು ಕೊಡಬೇಡಿ. ಕೊಟ್ಟರೆ ಹಳೇ ಸಮಯ, ಹೊಸ ಸಮಯ ಒಂದೇ ಫೈಲ್‌ನಲ್ಲಿ ಬೆರೆತು, ಟೈಮ್ ವಿಂಡೋ ಲೆಕ್ಕವೇ ಕೆಡುತ್ತದೆ.