ಅಜ್ಜಿಗೆ 82, ಸೊಂಟ ಮುರಿದಿದೆ. ಆಪರೇಷನ್ ಮಾಡಿಸೋದಾ, ಬೇಡ್ವಾ?

ತೀರ್ಥಹಳ್ಳಿ ಮೊಮ್ಮಗ:
ನಿನ್ನೆ ಬೆಳಗಿನ ಜಾವ ಅಜ್ಜಿ ಬಚ್ಚಲಿಗೆ ಹೋಗುವಾಗ ಹೊಸ್ತಿಲು ಎಡವಿ ಬಿದ್ದರು. ಬಲಗಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದೆ. ಇಂಟರ್‌ಟ್ರೊಕಾಂಟರಿಕ್ ಫ್ರಾಕ್ಚರ್ ಅಂತೆ, ಅಂದರೆ ತೊಡೆಮೂಳೆ ಮೇಲ್ಗಡೆ, ಸೊಂಟದ ಕೀಲಿನ ಹತ್ತಿರ ಮುರಿದಿದೆ. ಶಿವಮೊಗ್ಗದ ಡಾಕ್ಟರು ನಾಳೆಯೇ ರಾಡ್ ಹಾಕೋಣ ಎನ್ನುತ್ತಾರೆ. ದೊಡ್ಡಪ್ಪ, "ಈ ವಯಸ್ಸಲ್ಲಿ ಕೊಯ್ಯಿಸೋದು ಬೇಡ, ನಾಟಿ ಕಟ್ಟು ಹಾಕಿಸಿ ಮನೆಯಲ್ಲೇ ಮಲಗಿಸೋಣ" ಎನ್ನುತ್ತಿದ್ದಾರೆ. ಬಿಪಿ, ಶುಗರ್ ಎರಡೂ ಇದೆ. ಮೊನ್ನೆವರೆಗೂ ಅಡಿಕೆ ಸುಲಿಯಲು ಕೂರುತ್ತಿದ್ದರು. ಗೊತ್ತಿದ್ದವರು ಹೇಳಿ.

ಮೈಸೂರು ಫಿಸಿಯೋ:
ನಾನು ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವವಳು. ಪೇಷಂಟ್‌ಗಳಲ್ಲಿ ಜಾಸ್ತಿ ಇಂಥ ಅಜ್ಜ ಅಜ್ಜಿಯರೇ.

ಮಲಗಿಸೋದು ಎಷ್ಟು ದಿನ ಅಂತ ದೊಡ್ಡಪ್ಪನವರನ್ನು ಕೇಳಿ. ಈ ಮೂಳೆ ತಾನಾಗಿ ಕೂಡಲು ಎರಡು ಮೂರು ತಿಂಗಳು ಬೇಕು. ಮಗ್ಗುಲು ಬದಲಿಸಿದರೆ ಜೀವ ಹೋಗುವಷ್ಟು ನೋವು. ಅಲ್ಲಾಡಿಸದೆ ಬಿಟ್ಟರೆ ಬೆನ್ನ ಕೆಳಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪು. ವಯಸ್ಸಾದವರನ್ನು ಕೊಲ್ಲುವುದು ಇವೇ. ನಾಟಿ ಕಟ್ಟನ್ನು ಮುಂಗೈಗೆ ಸುತ್ತಬಹುದು, ತೊಡೆಸಂದಿಯ ಮೂಳೆಯನ್ನು ಯಾವ ಕಟ್ಟೂ ಹಿಡಿದು ನಿಲ್ಲಿಸಲ್ಲ.

ಆಪರೇಷನ್ ಆದರೆ ಎಲ್ಲಾ ಮೊದಲಿನಂತೆ ಅಂತಲೂ ಅಲ್ಲ. ಸೊಂಟ ಮುರಿದ ವೃದ್ಧರಲ್ಲಿ ನೂರಕ್ಕೆ 20ರಿಂದ 30 ಮಂದಿ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಮೊದಲಿನಷ್ಟು ಓಡಾಡುವವರು ಹೆಚ್ಚುಕಮ್ಮಿ ಅರ್ಧ ಜನ. ಬೀಳುವ ಮುಂಚೆ ಗಟ್ಟಿಯಾಗಿದ್ದವರಿಗೆ ಆಸೆ ಜಾಸ್ತಿ. ನಿಮ್ಮಜ್ಜಿ ಅಡಿಕೆ ಸುಲಿಯುತ್ತಿದ್ದರಲ್ಲ, ಒಳ್ಳೇದೇ ಆಯ್ತು.

ಡಾಕ್ಟರು ಒಪ್ಪಿದರೆ ಆಪರೇಷನ್ ಆದ ಮರುದಿನವೇ ಅಜ್ಜಿಯನ್ನು ಎಬ್ಬಿಸಿ ನಿಲ್ಲಿಸಿ. ಮಂಚದ ಅಂಚಿಗೆ ಕೂರಿಸಿ. ಏಳುವಾಗ ವಾಕರ್ ಹಿಡಿದು ಎಳೆಯುತ್ತಾರೆ, ಅದು ಅವರ ಮೇಲೇ ಮಗುಚುತ್ತದೆ. ಕೈ ಮಂಚದ ಮೇಲೆ ಊರಿ ಎದ್ದು, ಆಮೇಲೆ ವಾಕರ್. ಹೆಜ್ಜೆ ಇಡುವಾಗ ಮೊದಲು ವಾಕರ್, ಆಮೇಲೆ ನೋವಿನ ಕಾಲು, ಕೊನೆಗೆ ಒಳ್ಳೆ ಕಾಲು. "ಪಾಪ, ಮಲಗಲಿ ಬಿಡಿ" ಎನ್ನುವ ನೆಂಟರನ್ನು ಹೊರಗೆ ಕಾಫಿಗೆ ಕಳಿಸಿ.

ತೀರ್ಥಹಳ್ಳಿ ಮೊಮ್ಮಗ:
ಶುಗರ್ 260 ಇದೆ ಮೇಡಂ. ಇಳಿಯುವವರೆಗೆ ಕಾಯಬೇಕಾ?

ಮೈಸೂರು ಫಿಸಿಯೋ:
ಅದನ್ನು ಡಾಕ್ಟರೇ ಹೇಳಬೇಕು. ಸಾಮಾನ್ಯವಾಗಿ ಇನ್ಸುಲಿನ್ ಕೊಟ್ಟು ಬೇಗ ಇಳಿಸುತ್ತಾರೆ, ವಾರಗಟ್ಟಲೆ ಕಾಯಿಸಲ್ಲ. ಬ್ರಿಟನ್ನಿನಲ್ಲಿ 36 ಗಂಟೆಯೊಳಗೆ ಆಪರೇಷನ್ ಆಗಬೇಕು ಅನ್ನುವುದು ಗುರಿ. ಇನ್ನೊಂದು ಮಾತು, ರಾತ್ರಿ ಅಜ್ಜಿ ಇದ್ದಕ್ಕಿದ್ದಂತೆ ಯಾರನ್ನೋ ಕರೆಯಬಹುದು, ಡ್ರಿಪ್ ಕಿತ್ತುಹಾಕಬಹುದು. ಮರುಳು ಅಂದುಕೊಂಡು ಹೆದರಬೇಡಿ, ನರ್ಸ್‌ಗೆ ತಿಳಿಸಿ. ಕನ್ನಡಕ ಹತ್ತಿರವೇ ಇಡಿ. ಗುರುತಿನವರೊಬ್ಬರು ಪಕ್ಕದಲ್ಲಿರಲಿ.

ಹುಬ್ಬಳ್ಳಿ ಸೊಸೆ:
ನಮ್ಮತ್ತೆಗೆ ಆಪರೇಷನ್ ಚೆನ್ನಾಗಿಯೇ ಆಯ್ತು. ಆದರೆ ಮೂಳೆ ಸವೆದಿದೆ, ಅದಕ್ಕೂ ಔಷಧಿ ಬೇಕು ಅಂತ ಡಿಸ್ಚಾರ್ಜ್ ಮಾಡುವಾಗ ಯಾರೂ ಹೇಳಲಿಲ್ಲ. ಮುಂದೆ ಇನ್ನೊಂದು ಪಕ್ಕವೂ ಮುರೀತು! ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಇದೆ. ಸೊಂಟ ಮುರಿದವರಿಗೆ ಅದನ್ನು ಕೊಟ್ಟಾಗ ಮತ್ತೆ ಮುರಿಯುವುದೂ ಸಾವೂ ಕಡಿಮೆಯಾಯಿತು ಅಂತ 2007ರಲ್ಲೇ ಅಧ್ಯಯನ ಬಂದಿದೆ. ಕಿಡ್ನಿ, ವಿಟಮಿನ್ ಡಿ ನೋಡಿಕೊಂಡು ಕೊಡುತ್ತಾರೆ. ನೀವಾಗಿಯೇ ಕೇಳಿ.

ತೀರ್ಥಹಳ್ಳಿ ಮೊಮ್ಮಗ:
ದೊಡ್ಡಪ್ಪ ಇನ್ನೂ ಗೊಣಗುತ್ತಿದ್ದಾರೆ, ಆದರೆ ಸಹಿ ಹಾಕಿದರು. ನಾಳೆ ಬೆಳಿಗ್ಗೆ ಮೊದಲ ಕೇಸ್. ನಮ್ಮಲ್ಲಿರೋದು ಕುಕ್ಕರಗಾಲಲ್ಲಿ ಕೂರುವ ಕಕ್ಕಸು. ಶಿವಮೊಗ್ಗದಲ್ಲಿ ಕಮೋಡ್ ಚೇರ್ ಬಾಡಿಗೆಗೆ ಸಿಗುತ್ತಾ?